36 ಕ್ಲಿಕ್ಕು, ನಾಲ್ಕು ಊರು

ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಕೇಳ್ತಾ ಇದ್ರೆ ಒಂದ್ಸಲ ನಿಮ್ಮ ಫೋನಿನ ಗ್ಯಾಲರಿ ತೆಗೆದು ನೋಡಿ. ಎಷ್ಟು ಫೋಟೋ ಇದೆ? ನನ್ನದರಲ್ಲಿ ಹನ್ನೊಂದು ಸಾವಿರ. ಅದರಲ್ಲಿ ಪ್ರಿಂಟ್ ಹಾಕಿಸಿದ್ದು ಎಷ್ಟು ಅಂದ್ರೆ, ಪಾಸ್‌ಪೋರ್ಟ್ ಸೈಜ್ ಬಿಟ್ರೆ ಸೊನ್ನೆ.

ಇವತ್ತು ಮಾತಾಡ್ತಿರೋದು ಒಂದು ಹಳೇ ರೀಲ್ ಕ್ಯಾಮೆರಾ ಹಿಡ್ಕೊಂಡು ನಮ್ಮ ಮಂಡ್ಯ ಜಿಲ್ಲೆಯ ನಾಲ್ಕು ಪೇಟೆ ಸುತ್ತಿದ್ದರ ಬಗ್ಗೆ. ಕ್ಯಾಮೆರಾ ಒಲಿಂಪಸ್ ಟ್ರಿಪ್ 35. ಈ ಮಾಡೆಲ್ ಮೊದಲು ಬಂದಿದ್ದು 1967ರಲ್ಲಿ. ಅಂಗೈಯಲ್ಲಿ ಹಿಡಿಸುತ್ತೆ, ಆದ್ರೆ ಕಬ್ಬಿಣದ ತೂಕದ ಬಟ್ಟಿನ ಹಾಗೆ ಗಟ್ಟಿ. ಬ್ಯಾಟರಿ ಇಲ್ಲ. ಲೆನ್ಸ್ ಸುತ್ತ ಜೇನುಗೂಡಿನ ಥರದ ಒಂದು ಬಳೆ ಇದೆ, ಅದರ ಹಿಂದೆ ಸೆಲೆನಿಯಂ. ಬೆಳಕು ಬಿದ್ರೆ ಅದೇ ಒಂಚೂರು ಕರೆಂಟು ಹುಟ್ಟಿಸಿ ಮೀಟರ್ ನಡೆಸುತ್ತೆ, ಸೋಲಾರ್ ಕ್ಯಾಲ್ಕುಲೇಟರ್ ಇದ್ದಂಗೆ. ಬೆಳಕು ಸಾಲದಿದ್ರೆ ಕಿಂಡಿಯಲ್ಲಿ ಒಂದು ಪುಟ್ಟ ಕೆಂಪು ಬಾವುಟ ಎದ್ದು, ಬಟನ್ ಒತ್ತೋಕೇ ಬಿಡಲ್ಲ. ನಿಮ್ಮ ದುಡ್ಡು ಉಳಿಸೋ ಕ್ಯಾಮೆರಾ ಅದು.

ದುಡ್ಡು ಅಂದೆ, ಬಿ.ಕಾಂ. ಓದಿದ ಬುದ್ಧಿ, ಲೆಕ್ಕ ಹಾಕದೆ ಇರೋಕಾಗಲ್ಲ. ನಾನು ಕೊಂಡ ಕಲರ್ ರೀಲಿಗೆ 1,200 ರೂಪಾಯಿ. ಬೆಂಗಳೂರಿನ ಲ್ಯಾಬಿಗೆ ಕಳಿಸಿ, ತೊಳೆಸಿ, ಸ್ಕ್ಯಾನ್ ಮಾಡಿಸೋಕೆ 600. ಒಟ್ಟು 1,800, ಫೋಟೋ 36. ಒಂದು ಕ್ಲಿಕ್ಕಿಗೆ 50 ರೂಪಾಯಿ, ಅಂದ್ರೆ ಊರಲ್ಲಿ ಒಂದು ಹೊತ್ತಿನ ತಿಂಡಿ. ಬೆರಳು ಬಟನ್ ಮೇಲಿಟ್ಟಾಗ ತಲೆಯಲ್ಲಿ ಮಸಾಲೆ ದೋಸೆ ಬಂದು ನಿಲ್ಲುತ್ತೆ. ಇದು ದೋಸೆಗಿಂತ ಮುಖ್ಯಾನಾ?

ಶ್ರೀರಂಗಪಟ್ಟಣದಲ್ಲಿ ಈ ಪ್ರಶ್ನೆ ಜೋರಾಗಿ ಕಾಡಿತು. ಆ ಊರಿನ ಕೋಟೆ-ಕೊತ್ತಲ ಫೋಟೋಗೆ ಹೊಸದಲ್ಲ. ಹಿಂದಿನ ಕಾಲದಿಂದ ಇವತ್ತಿನ ರೀಲ್ಸ್‌ವರೆಗೂ ಜನ ತೆಗೀತಿರೋದು ಗುಂಬಜ್, ದರಿಯಾ ದೌಲತ್, ಕೋಟೆ ಗೋಡೆ. 2017ರಲ್ಲಿ ರೈಲ್ವೆ ಜೋಡಿ ಹಳಿಗೋಸ್ಕರ ಟಿಪ್ಪು ಕಾಲದ ಶಸ್ತ್ರಾಗಾರವನ್ನ ಬುಡಸಮೇತ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿದ್ರಲ್ಲ, ಒಳ್ಳೇ ಕೆಲಸಾನೇ. ಆದ್ರೆ ರಸ್ತೆ ಅಗಲ ಮಾಡುವಾಗ ಟೀ ಅಂಗಡಿಗೆ ಹಾಗೆ ಜಾಕಿ ಕೊಡೋರು ಯಾರಿದ್ದಾರೆ? ಹಂಗಾಗಿ ಗುಂಬಜ್‌ಗೆ ಒಂದೂ ಕ್ಲಿಕ್ ಕೊಡಲಿಲ್ಲ. ರಂಗನಾಥಸ್ವಾಮಿ ದೇವಸ್ಥಾನದ ಹತ್ರ ಬೆಳಗಿನ ಬಿಸಿಲಲ್ಲಿ ತುಳಸಿ ಹಾರ ಕಟ್ತಾ ಕೂತಿದ್ದ ಒಬ್ಬ ಅಜ್ಜಿಗೆ ಎರಡು ಕೊಟ್ಟೆ. ನೂರು ರೂಪಾಯಿ.

ಅಜ್ಜಿ ಕೇಳಿದ ಮೊದಲ ಮಾತು, "ಎಲ್ಲಿ, ತೋರ್ಸು ಮಗ, ಹೆಂಗ್ ಬಂದದೆ?" ಕ್ಯಾಮೆರಾ ಹಿಂಭಾಗ ತೋರಿಸಿದೆ. ಬರೀ ಕಪ್ಪು. "ಇದೇನ್ ಮಗ, ಕಾಣಕಿಲ್ವಲ್ಲ!" ಪ್ರಿಂಟ್ ತಂದುಕೊಡ್ತೀನಿ ಅಜ್ಜಿ ಅಂದೆ. ಆ ಮಾತು ಬಾಯಿಂದ ಬಂದಮೇಲೆ ನಾನು ಸಾಲಗಾರ.

ಫೋನಲ್ಲಿ ತೆಗೆದಿದ್ರೆ ಅಲ್ಲೇ ತೋರಿಸಿ, ನಕ್ಕು, ಮುಂದಕ್ಕೆ ಹೋಗ್ತಿದ್ದೆ. ರೀಲ್ ಕ್ಯಾಮೆರಾದಲ್ಲಿ ಆ ದಾರಿ ಇಲ್ಲ. ಇನ್ನೊಂದ್ಸಲ ಆ ಊರಿಗೆ ಹೋಗಲೇಬೇಕು. ನನಗೆ ಈ ಕ್ಯಾಮೆರಾ ಹಿಡಿಸಿದ್ದು ಅದಕ್ಕೇ. ಆ ಹಳೇ ಬಣ್ಣದ ಲುಕ್ಕು ಬೇಕಾದ್ರೆ ಫಿಲ್ಟರ್ ಫ್ರೀಯಾಗಿ ಸಿಗುತ್ತೆ.

ಪಾಂಡವಪುರಕ್ಕೆ ಹೋಗಿದ್ದು ಕಬ್ಬು ಕಟಾವಿನ ಕಾಲದಲ್ಲಿ. ಹಿಂದೆ ಇದಕ್ಕೆ ಫ್ರೆಂಚ್ ರಾಕ್ಸ್ ಅಂತಾನೂ ಹೆಸರಿತ್ತು, ಟಿಪ್ಪು ಕಡೆಯ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಜಾಗ. ಕಬ್ಬಿನ ಟ್ರ್ಯಾಕ್ಟರ್ ಬಂದ್ರೆ ರಸ್ತೆಯಲ್ಲಿ ಬೇರೇನೂ ಹಿಡಿಸಲ್ಲ. ಒಂದು ಟೆಕ್ನಿಕಲ್ ವಿಷಯ: ಟ್ರಿಪ್‌ನ ಆಟೋದಲ್ಲಿ ಶಟರ್ ವೇಗ ಎರಡೇ, ಸೆಕೆಂಡಿನ 200ರಲ್ಲಿ ಒಂದು ಭಾಗ, ಇಲ್ಲಾ 40ರಲ್ಲಿ ಒಂದು. ಮಧ್ಯಾಹ್ನದ ಬಿಸಿಲಲ್ಲಿ ಟ್ರ್ಯಾಕ್ಟರ್ ನಿಂತಂತೆ ಬಂತು. ಸಂಜೆ ತೆಗೆದದ್ದರಲ್ಲಿ ಕಬ್ಬೆಲ್ಲ ಗೆರೆ ಎಳೆದ ಹಾಗೆ, ಡ್ರೈವರಣ್ಣನ ಕೆಂಪು ಟವೆಲ್ ಒಂದೇ ಗುರುತು. ನನಗೆ ಸಂಜೆಯದ್ದೇ ಇಷ್ಟ.

ನಾಗಮಂಗಲದಲ್ಲಿ ಹಿತ್ತಾಳೆ, ಕಂಚಿನ ವಿಗ್ರಹ ಎರಕ ಹೊಯ್ಯೋ ಕೆಲಸ ಗೊತ್ತಲ್ಲ? ಒಬ್ಬರ ಕೆಲಸದ ಕೋಣೆಯೊಳಗೆ ನಿಂತೆ, ಕೆಂಪು ಬಾವುಟ ಎದ್ದಿತು. ಕಾರಣ ಹೇಳಿದೆ. ಅವರು ಉಜ್ಜುತ್ತಿದ್ದ ವಿಗ್ರಹ ಎತ್ತಿಕೊಂಡು ಬಾಗಿಲ ಬೆಳಕಿಗೇ ಬಂದು ಕೂತರು. ಫೋಟೋ ಹೆಂಗ್ ಬಂದಿದೆ ಅಂತ ತೊಳೆದ ಮೇಲೇ ಗೊತ್ತಾಗೋದು ಅಂದಾಗ ಅವರಿಗೇನೂ ಆಶ್ಚರ್ಯ ಆಗಲಿಲ್ಲ. "ನಮ್ದೂ ಅಂಗೇ ಕನಪ್ಪ. ಮೇಣ ಕರಗಿ ಓಯ್ತದೆ, ಲೋಹ ಉಯ್ತೀವಿ. ಮಣ್ಣು ಒಡದ್ ಮೇಲೇ ತಾನೆ ಮೂಗು ನೆಟ್ಗೈತೋ ಇಲ್ವೋ ಗೊತ್ತಾಗದು."

ಕೆ.ಆರ್. ಪೇಟೆಯ ಕತೆ ಬೇರೆ. ಅಲ್ಲಿ ಕ್ಯಾಮೆರಾ ನೋಡಿ ಕರೆದವರು ಒಬ್ಬ ಹಿರಿಯ ಸ್ಟುಡಿಯೋ ಮಾಲೀಕರು. ಅವರ ಡಾರ್ಕ್‌ರೂಮಿನಲ್ಲಿ ಈಗ ಜೆರಾಕ್ಸ್ ಮಿಷನ್ ಇದೆ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ರೀಲು ಹಾಕಿ ಮದುವೆ ತೆಗೆದ ಕಾಲದವರು. ಅಟ್ಟದಿಂದ ನಾಲ್ಕು ರಟ್ಟಿನ ಡಬ್ಬ ಇಳಿಸಿದ್ರು. ತುಂಬ ನೆಗೆಟಿವ್. ಒಂದೊಂದು ಕವರಿನ ಮೇಲೂ ಮನೆಯವರ ಹೆಸರು, ಊರು, ತಾರೀಖು. ಅಂಗಡಿ ಖಾಲಿ ಮಾಡ್ತಿದ್ದಾರೆ, ಮಗ ಇದನ್ನೆಲ್ಲ ಗುಜರಿಗೆ ಹಾಕು ಅಂತಾನೆ.

ನಾನು ತಕ್ಷಣ, ಸರ್ ನನಗೆ ಕೊಡಿ, ಸ್ಕ್ಯಾನ್ ಮಾಡಿ ಇನ್‌ಸ್ಟಾಗ್ರಾಂನಲ್ಲಿ ಒಂದು ಪೇಜ್ ಮಾಡೋಣ ಅಂದೆ. ಅವರು ಒಪ್ಪಲಿಲ್ಲ. "ಕಂಡೋರ್ ಮನೆ ಹೆಣ್ಮಕ್ಳ ಮದ್ವೆ ಫೋಟೋ ಕನಪ್ಪ. ನಾನು ದುಡ್ಡು ಈಸ್ಕೊಂಡು ತೆಗ್ದಿದ್ದು ಅವ್ರಿಗೆ, ಊರ್‌ಗೆಲ್ಲ ಅಲ್ಲ." ಪ್ರೈವೆಸಿ ಬಗ್ಗೆ ನಾನೇ ಎರಡು ಎಪಿಸೋಡ್ ಮಾಡಿದ್ದೀನಿ, ಇಷ್ಟು ನೇರವಾಗಿ ಹೇಳೋಕೆ ಬಂದಿರಲಿಲ್ಲ.

ಕೊನೆಗೆ ಆದ ಒಪ್ಪಂದ ಇದು: ವಿಳಾಸ ಸಿಕ್ಕವರಿಗೆ ಅವರ ಕವರ್ ವಾಪಸ್ ಕೊಡೋದು. ಇಲ್ಲಿವರೆಗೂ ಎರಡು ಭಾನುವಾರ ನನ್ನ ಸ್ಕೂಟರಿನಲ್ಲಿ ಇಬ್ಬರೂ ಸುತ್ತಿದ್ದೀವಿ, ಹನ್ನೊಂದು ಮನೆ ಆಗಿದೆ. ಮೂರು ಮನೆಯವರು ಊರು ಬಿಟ್ಟಿದ್ರು. ಒಂದು ಮನೆಯಲ್ಲಿ ಬೇಡ ಅಂದ್ರು, ಯಾಕೆ ಅಂತ ನಾವು ಕೇಳಲಿಲ್ಲ. ಇನ್ನೊಂದು ಮನೆಯಲ್ಲಿ 1991ರ ಮದುವೆ ಕವರ್. ಆ ಮದುಮಗಳು ಈಗ ಅಜ್ಜಿ. ನೆಗೆಟಿವನ್ನ ಕಿಟಕಿ ಬೆಳಕಿಗೆ ಹಿಡಿದು ನೋಡಿ, ಒಳಗಿದ್ದ ಯಜಮಾನರನ್ನ ಕೂಗಿದ್ರು, "ಬನ್ರೀ ಇಲ್ಲಿ, ಅವತ್ತೇ ನಮ್ಮಿಬ್ರಿಗೂ ತಲೆ ಬೆಳ್ಳಗಾಗದೆ!" ನೆಗೆಟಿವ್‌ನಲ್ಲಿ ಕಪ್ಪು ಕೂದಲು ಬಿಳಿಯಾಗೇ ತಾನೆ ಕಾಣೋದು.

ನಿಮ್ಮ ಮನೆ ಬೀರುವಿನಲ್ಲೂ ಇಂಥ ಕವರ್ ಇದ್ರೆ, ಲ್ಯಾಬಿಗೆ ಹೋಗೋ ಮೊದಲು ಹೀಗೆ ಮಾಡಿ. ಒಂದು ಫೋನಿನ ಸ್ಕ್ರೀನ್ ಪೂರ್ತಿ ಬಿಳಿ ಇಟ್ಕೊಳ್ಳಿ. ನೆಗೆಟಿವನ್ನ ಅದಕ್ಕೆ ಅಂಟಿಸಬೇಡಿ, ಒಂದೆರಡು ಇಂಚು ಮೇಲಕ್ಕೆ ಹಿಡೀರಿ, ಇಲ್ಲಾಂದ್ರೆ ಸ್ಕ್ರೀನಿನ ಚುಕ್ಕೆ ಕಾಣುತ್ತೆ. ಇನ್ನೊಂದು ಫೋನಿನಲ್ಲಿ ಫೋಟೋ ತೆಗೆದು, ಎಡಿಟಿಂಗ್ ಆಪ್‌ನಲ್ಲಿ ಬಣ್ಣ ತಿರುಗಿಸಿ. ಯಾರು ಯಾರು ಅಂತ ಗುರುತು ಹಿಡಿಯೋಕೆ ಅಷ್ಟು ಸಾಕು. ನೆಗೆಟಿವ್‌ನ ಅಂಚು ಮಾತ್ರ ಮುಟ್ಟಿ.

ಮುಂದಿನ ಭಾನುವಾರ ಕಿಕ್ಕೇರಿ ಕಡೆ ಐದು ಕವರ್ ಇದೆ. ಅದಕ್ಕೂ ಮುಂಚೆ ಶ್ರೀರಂಗಪಟ್ಟಣಕ್ಕೆ ಹೋಗಿ ತುಳಸಿ ಹಾರದ ಅಜ್ಜಿಗೆ ಪ್ರಿಂಟ್ ಕೊಡಬೇಕು, ಲ್ಯಾಬಿನಿಂದ ನಿನ್ನೆ ಬಂತು.