ತೀರದ ಹಸಿವಿನ ಬಾಲಕ



ಶತಮಾನೋತ್ಸವದ ಈ ಸಂದರ್ಭದಲ್ಲಿ ಶಾಲೆಯ ಶಿಕ್ಷಕವೃಂದದ ಪರವಾಗಿ ಮಾತನಾಡಲು ಅವಕಾಶವಿತ್ತಿದ್ದೀರಿ. ದೇವಾಲಯದ ಇತಿಹಾಸವನ್ನು ಬಲ್ಲವರು ಹೇಳಿಯಾಗಿದೆ. ನಾವು ಒಬ್ಬ ಬಾಲಕನ ವಿಷಯವನ್ನು ಅರಿಕೆ ಮಾಡಿಕೊಳ್ಳುತ್ತೇವೆ.

ಮೂರನೆಯ ತರಗತಿಗೆ ಅವನು ಬಂದು ಸೇರಿದಾಗ ‘ಕಳ್ಳ’ನೆಂಬ ಹೆಸರೂ ಜೊತೆಯಲ್ಲೇ ಬಂದಿತ್ತು. ಅನ್ಯರ ಬುತ್ತಿಯನ್ನು ತೆಗೆದು ತಿಂದನೆಂದು ಹಿಂದಿನ ಶಾಲೆಯಲ್ಲಿ ಪೆಟ್ಟು ತಿಂದಿದ್ದನು. ನಮ್ಮಲ್ಲಿಯೂ ಮೊದಲ ವಾರದಲ್ಲೇ ಮೂರು ಬುತ್ತಿಗಳು ಬರಿದಾದವು. ಕೇಳಿದರೆ ನೆಲದ ಮೇಲೆ ಬಿದ್ದು ಹೊರಳಾಡಿದನು, ಕೈಯ ಚರ್ಮವನ್ನು ರಕ್ತ ಬರುವಂತೆ ಕೆರೆದುಕೊಂಡನು. ನಾವೂ ಗದರಿಸಿದೆವು, ಅದನ್ನು ಮುಚ್ಚಿಡುವುದಿಲ್ಲ.

ಆ ಬಳಿಕ ಅವನ ತಾಯಿ ವೈದ್ಯರ ಕಾಗದವನ್ನು ತಂದು ತೋರಿಸಿದರು: ಪ್ರಾಡರ್-ವಿಲ್ಲಿ ಸಿಂಡ್ರೋಮ್. 1956ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ಇದನ್ನು ಮೊದಲು ವಿವರಿಸಿದರು. ತಂದೆಯಿಂದ ದೊರೆಯುವ 15ನೆಯ ವರ್ಣತಂತುವಿನ ಕೆಲವು ಜೀನುಗಳು ಕೆಲಸ ಮಾಡದಿರುವುದೇ ಇದಕ್ಕೆ ಕಾರಣ. ಬಹುಪಾಲು ಇದು ಆಕಸ್ಮಿಕ, ಹೆತ್ತವರ ದೋಷವಲ್ಲ. ‘ಯಾರ ಪಾಪದಿಂದ?’ ಎಂದು ಅಂದು ಶಿಷ್ಯರು ಕೇಳಿದ್ದನ್ನು ನಮ್ಮಲ್ಲಿ ಕೆಲವರು ಇಂದಿಗೂ ಕೇಳುತ್ತಿರುವುದರಿಂದ ಇದನ್ನು ಒತ್ತಿ ಹೇಳಬೇಕಾಯಿತು. ಇಂತಹ ಶಿಶುವಿಗೆ ಹುಟ್ಟಿದಾಗ ಮೊಲೆಹಾಲನ್ನು ಚೀಪುವಷ್ಟೂ ತ್ರಾಣವಿರುವುದಿಲ್ಲ. ಕೆಲವು ವರ್ಷಗಳಲ್ಲಿ ಹಸಿವು ಆರಂಭವಾಗಿ ಮತ್ತೆ ತೀರುವುದೇ ಇಲ್ಲ. ಹೊಟ್ಟೆ ತುಂಬಿತೆಂಬ ಸೂಚನೆಯನ್ನು ಮಿದುಳು ಸರಿಯಾಗಿ ಗ್ರಹಿಸುವುದಿಲ್ಲ. ಆದರೆ ದೇಹಕ್ಕೆ ಬೇಕಾದ ಆಹಾರ ಇತರ ಮಕ್ಕಳಿಗಿಂತಲೂ ಕಡಿಮೆ. ಮಿತಿಮೀರಿ ತಿಂದರೆ ಜಠರವೇ ಬಿರಿದು ಪ್ರಾಣಕ್ಕೆ ಅಪಾಯವಾಗಬಹುದು.

ಅಂದಿನಿಂದ ಎಲ್ಲ ಮಕ್ಕಳ ಬುತ್ತಿಗಳನ್ನೂ ಬೀಗ ಹಾಕಿದ ಕೋಣೆಯಲ್ಲಿ ಇರಿಸುತ್ತಿದ್ದೇವೆ. ಇದು ಶಿಕ್ಷೆಯೆಂದು ಮೊದಲು ನಮಗೂ ಅಳುಕಿತ್ತು. ಆದರೆ ಅವನನ್ನು ಕಾಡುತ್ತಿದ್ದುದು ‘ಸಿಕ್ಕೀತೇನೋ’ ಎಂಬ ಆಸೆ. ಸಿಗುವುದಿಲ್ಲವೆಂಬುದು ನಿಶ್ಚಯವಾದಾಗ ಅವನ ಮನಸ್ಸು ಪಾಠದ ಕಡೆಗೆ ತಿರುಗಿತು. ಊಟದ ವೇಳೆಯನ್ನೂ ಪ್ರಮಾಣವನ್ನೂ ಚಿತ್ರದಲ್ಲಿ ಬರೆದು ಅವನ ಮೇಜಿಗೆ ಅಂಟಿಸಿದ್ದೇವೆ. ಹುಟ್ಟುಹಬ್ಬಕ್ಕೆ ಮಿಠಾಯಿಯ ಬದಲು ಪೆನ್ಸಿಲ್ ಹಂಚುತ್ತೇವೆ. ವೇಳಾಪಟ್ಟಿ ಬದಲಾಗುವುದಾದರೆ ಮುಂಚಿತವಾಗಿಯೇ ತಿಳಿಸುತ್ತೇವೆ. ಒಮ್ಮೆ ಕ್ರೀಡಾದಿನದಂದು ಅದನ್ನು ಮರೆತೆವು. ಊಟ ಅರ್ಧ ಗಂಟೆ ತಡವಾಯಿತು, ಕುರ್ಚಿ ಹಾರಿತು. ತಪ್ಪು ನಮ್ಮದೇ. ಸಿಟ್ಟೇರಿದಾಗ ವಾದಿಸಿ ಫಲವಿಲ್ಲ. ಇತರ ಮಕ್ಕಳನ್ನು ಹೊರಗೆ ಕಳುಹಿಸಿ, ಒಬ್ಬ ಶಿಕ್ಷಕಿ ಸುಮ್ಮನೆ ಸಮೀಪದಲ್ಲಿ ಕುಳಿತಿರುತ್ತಾರೆ. ಶಾಂತನಾದ ಮೇಲೆ ಅವನು ತುಂಡುಚಿತ್ರಗಳನ್ನು ಜೋಡಿಸುತ್ತಾನೆ. ಆ ಕೆಲಸದಲ್ಲಿ ನಾವಾರೂ ಅವನಿಗೆ ಸಮನಲ್ಲ.

ಈ ಹಸಿವಿಗೆಂದೇ ಅಮೆರಿಕದಲ್ಲಿ 2025ರಲ್ಲಿ ಮೊದಲ ಔಷಧಕ್ಕೆ ಅನುಮತಿ ದೊರೆತಿದೆ. ನಮ್ಮ ಬಾಲಕನಿಗೆ ಸದ್ಯಕ್ಕೆ ಆ ಬೀಗವೇ ಆಸರೆ.

ಆದರೆ ಭಾನುವಾರ ದೇವಾಲಯದ ಅಂಗಳದಲ್ಲಿ ಬೀಗವಿಲ್ಲ. ‘ಪಾಪ, ಮಗು’ ಎಂದು ಒಬ್ಬರು ಬಿಸ್ಕತ್ತು, ಇನ್ನೊಬ್ಬರು ಬಾಳೆಹಣ್ಣು, ಮತ್ತೊಬ್ಬರು ಲಾಡು ಕೊಡುತ್ತೀರಿ. ತಾಯಿ ಬೇಡವೆಂದರೆ ಕಲ್ಲೆದೆಯವಳೆಂಬ ಮಾತು. ಮೂರು ತಿಂಗಳಿಂದ ಅವರು ಬಲಿಪೂಜೆಗೆ ಬಂದಿಲ್ಲ. ನಿಮ್ಮ ದಯೆಯನ್ನು ನಾವು ದೂರುತ್ತಿಲ್ಲ. ನಾವೂ ಹಾಗೆಯೇ ಕೊಟ್ಟವರು.

ಮುಂದಿನ ಭಾನುವಾರದ ಶತಮಾನೋತ್ಸವದ ಭೋಜನಕ್ಕೆ ಅವರನ್ನು ನಾವೇ ಮನೆಗೆ ಹೋಗಿ ಕರೆದಿದ್ದೇವೆ. ಬಾಲಕನ ತಟ್ಟೆಯನ್ನು ತಾಯಿಯೇ ಬಡಿಸುತ್ತಾರೆ, ಹನ್ನೆರಡೂವರೆಗೆ ಸರಿಯಾಗಿ. ಭಾಷಣಗಳು ಮುಗಿಯದಿದ್ದರೂ ಅವನಿಗೆ ಊಟವಾಗಲಿ. ದಯವಿಟ್ಟು ಬೇರೆ ಯಾರೂ ಏನನ್ನೂ ಕೊಡಬೇಡಿ. ಹೆಸರು ಹಿಡಿದು ಮಾತನಾಡಿಸಿ. ತುಂಡುಚಿತ್ರದ ಪೆಟ್ಟಿಗೆಯನ್ನು ನಾವು ತರುತ್ತೇವೆ.