ಮಣಕಕ್ಕೆ ಹೊತ್ತಾಯಿತೆ?

ಮಿಶ್ರತಳಿ ಮಣಕವನ್ನು ಮೊದಲ ಸಲ ಯಾವಾಗ ಗಬ್ಬ ಮಾಡಿಸಬೇಕು ಎಂದು ಕೇಳಿದರೆ ಉತ್ತರ ಸಾಮಾನ್ಯವಾಗಿ ತಿಂಗಳ ಲೆಕ್ಕದಲ್ಲಿ ಬರುತ್ತದೆ. ದನದ ಮೈ ಪಂಚಾಂಗ ನೋಡುವುದಿಲ್ಲ, ಮೇವು ನೋಡುತ್ತದೆ. ಮೈಯಲ್ಲಿ ಕೊಬ್ಬು ಸೇರಿದಾಗ ಅದರಿಂದ ಹೊರಡುವ ಲೆಪ್ಟಿನ್ ಎಂಬ ಹಾರ್ಮೋನು ಆ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುತ್ತದೆ. ಅದು ಮುಟ್ಟದೆ ಅಂಡಾಶಯ ಚುರುಕಾಗದು. ಹೋಲ್‌ಸ್ಟೀನ್ ಮಿಶ್ರತಳಿಗೆ ಸುಮಾರು 250 ಕಿಲೋ ಆದಮೇಲೆ ಗಬ್ಬದ ಇಂಜೆಕ್ಷನ್ ಹಾಕಿಸಿ ಎನ್ನುವುದು ಇದಕ್ಕಾಗಿಯೇ. ಹುಟ್ಟಿದಾಗ 25 ಕಿಲೋ ಇದ್ದ ಕರು ದಿನಕ್ಕೆ 400 ಗ್ರಾಂ ಬೆಳೆದರೆ ಹದಿನೆಂಟೂವರೆ ತಿಂಗಳಿಗೆ ಅಲ್ಲಿಗೆ ಮುಟ್ಟುತ್ತದೆ; 250 ಗ್ರಾಂ ಬೆಳೆದರೆ ಎರಡೂವರೆ ವರ್ಷ ಬೇಕು. ಹಾಲು ಕೊಡದ ಕರುವಿಗೆ ಹಿಂಡಿ, ಬೂಸಾ ಏಕೆ ದಂಡ ಎನ್ನುವವರು, ಹತ್ತಿರ ಹತ್ತಿರ ಒಂದು ವರ್ಷ ಹೆಚ್ಚಾಗಿ ಹಾಕುವ ಹುಲ್ಲಿನ ಖರ್ಚನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದೆಲ್ಲ ತಳಿಯ ಗುಣ ಎಂಬ ಮಾತೂ ಇದೆ. ಅರ್ಧ ನಿಜ. ಹಳ್ಳಿಕಾರ್, ಅಮೃತಮಹಲ್ ಕಡಸುಗಳು ಸ್ವಭಾವತಃ ತಡವಾಗಿ ಬೆದೆಗೆ ಬರುತ್ತವೆ. ಆದರೆ ಬರಿ ಒಣಹುಲ್ಲು ತಿಂದು, ಹೊಟ್ಟೆಯಲ್ಲಿ ಜಂತು ಇಟ್ಟುಕೊಂಡ ಮಿಶ್ರತಳಿಯೂ ತಡಮಾಡುತ್ತದೆ; ಆಗ ತಳಿಯನ್ನು ದೂರಿ ಫಲವಿಲ್ಲ. ಇನ್ನೂ ಗಟ್ಟಿಯಾದ ಆಕ್ಷೇಪವೊಂದು ಅಮೆರಿಕದ ನೆಬ್ರಾಸ್ಕದಿಂದ ಬಂದಿದೆ. ಮಾಂಸದ ತಳಿಯ ಮಣಕಗಳು ಪೂರ್ಣ ಬೆಳೆದ ಹಸುವಿನ ತೂಕದ ನೂರಕ್ಕೆ 60–65 ಪಾಲು ಮುಟ್ಟಲಿ ಎಂಬ ಹಳೆಯ ನಿಯಮವಿತ್ತು. ಅಲ್ಲಿನ ಸಂಶೋಧಕರು 50–57 ಪಾಲಿಗೇ ಹೋರಿ ಕೊಡಿಸಿದಾಗಲೂ ಗಬ್ಬವಾದವುಗಳ ಪ್ರಮಾಣ ಹೆಚ್ಚು ಕುಗ್ಗಲಿಲ್ಲ. ಹಾಗಾದರೆ ನಾವೇಕೆ ಕಾಯಬೇಕು? ಆ ಮಣಕಗಳಿಗೆ ಮುಂದೆ ಹಸುರು ಹುಲ್ಲುಗಾವಲು ಕಾದಿರುತ್ತದೆ, ಹಾಲೂ ತಮ್ಮ ಕರುವಿಗೆ ಆದರೆ ಸಾಕು. ನಮ್ಮಲ್ಲಿ ಡೇರಿಗೆ ದಿನಕ್ಕೆರಡು ಸಲ ಕರೆಯಬೇಕು. ಎಳೆಯ ಮೈ ತಾನೂ ಬೆಳೆದು ಹಾಲನ್ನೂ ಕೊಡಬೇಕಾಗಿ ಬಂದರೆ ಮತ್ತೆ ಬೆದೆಗೆ ಬರುವುದೇ ತಡವಾಗುತ್ತದೆ. ಕರು ಹಾಕುವಾಗಿನ ಕಷ್ಟ ಬೇರೆ. ಹಾಗೆಂದು ಸಿಕ್ಕಾಪಟ್ಟೆ ತಿನ್ನಿಸುವುದೂ ಸಲ್ಲ. ಬೆದೆಗೆ ಮೊದಲೇ ಕೊಬ್ಬಿದ ಮಣಕದ ಕೆಚ್ಚಲಲ್ಲಿ ಹಾಲಿನ ಗ್ರಂಥಿಯ ಜಾಗವನ್ನು ಕೊಬ್ಬು ಹಿಡಿಯಬಹುದು.

ತೂಕದ ಯಂತ್ರ ಎಲ್ಲಿದೆ ಎನ್ನುತ್ತೀರಾ? ಟೇಪು ಸಾಕು. ಮುಂಗಾಲ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಹಿಡಿದು ಅದನ್ನು ಅದರಿಂದಲೇ ಗುಣಿಸಿ. ಭುಜದ ಮೂಳೆಯಿಂದ ಬಾಲದ ಬುಡದ ಪಕ್ಕದ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ಅಂದಾಜು ಕಿಲೋ ಸಿಗುತ್ತದೆ. ಸುತ್ತಳತೆ 56, ಉದ್ದ 51 ಇದ್ದರೆ ಸುಮಾರು 242 ಕಿಲೋ. ಈಗ ಬೆದೆಗೆ ಬಂದಿದ್ದರೆ ಈ ಬೆದೆಯನ್ನು ಬಿಡಬಹುದು. ದಿನಕ್ಕೆ 400 ಗ್ರಾಂ ಬೆಳೆಯುವ ಮಣಕವಾದರೆ, 21 ದಿನಕ್ಕೆ ಮುಂದಿನ ಬೆದೆ ಬರುವ ಹೊತ್ತಿಗೆ 250 ಮುಟ್ಟಿರುತ್ತದೆ.