ಹೊಗೆಯ ಲೆಕ್ಕ, ಹೊಟ್ಟೆಯ ಲೆಕ್ಕ



ಬೆಳಗಿನ ಹೊತ್ತು ರಾಯಚೂರಿನಿಂದ ದೇವದುರ್ಗಕ್ಕೋ ಮಾನ್ವಿಗೋ ಹೊರಟವರಿಗೆ ದಾರಿಯುದ್ದಕ್ಕೂ ಟಂಟಂ ಆಟೋಗಳು ಎದುರಾಗುತ್ತವೆ. ಹತ್ತಿ ಬಿಡಿಸಲು, ಭತ್ತದ ನಾಟಿಗೆ ಹೊರಟ ಹೆಣ್ಣುಮಕ್ಕಳು ಬುತ್ತಿಗಂಟನ್ನು ತೊಡೆಯ ಮೇಲಿಟ್ಟುಕೊಂಡು ಒತ್ತಾಗಿ ಕೂತಿರುತ್ತಾರೆ. ಏರು ಬಂತೆಂದರೆ ಹಳೆಯ ಗಾಡಿ ತಿಣುಕುತ್ತದೆ, ಕಪ್ಪು ಹೊಗೆ ಕಾರುತ್ತದೆ. ಹಿಂದೆ ಕೂತವರು ಸೆರಗನ್ನು ಮೂಗಿಗೆ ಒತ್ತಿ ಹಿಡಿಯುತ್ತಾರೆ. ಗಾಡಿ ನಿಂತರೆ ಅಂದಿನ ಕೂಲಿ ಹೋಯಿತು, ಓಡಿದರೆ ಎದೆಗೆ ಹೊಗೆ. ವಾಹನದ ಹೊಗೆಗೆ ಕಾನೂನು ಕಡಿವಾಣ ಹಾಕುತ್ತ ಬಂದ ಕಥೆಯನ್ನು ಇವತ್ತು ಆ ಸೆರಗಿನ ಮಗ್ಗುಲಲ್ಲಿ ನಿಂತು ಹೇಳುತ್ತೇನೆ.

ನಮ್ಮ ಸೀಮೆಗೂ ಸರ್ಕಾರಿ ಬಸ್ಸಿಗೂ ನಂಟು ಹಳೆಯದು. ರಾಯಚೂರು ನಿಜಾಮರ ಆಳ್ವಿಕೆಯಲ್ಲಿದ್ದ ಕಾಲ. 1932ರಲ್ಲಿ ನಿಜಾಂ ರಾಜ್ಯದ ರೈಲ್ವೆ 27 ಬಸ್ಸುಗಳನ್ನಿಟ್ಟುಕೊಂಡು ರಸ್ತೆ ಸಾರಿಗೆ ಶುರುಮಾಡಿತು. ಆಗ ಊರಿಗೆ ಬಸ್ಸು ಬರುವುದೇ ಭಾಗ್ಯ, ಹೊಗೆಯನ್ನು ಯಾರೂ ಎಣಿಸಲಿಲ್ಲ. ಹೊಸ ಮೋಟಾರು ವಾಹನ ಕಾಯ್ದೆ ಬಂದದ್ದು 1988ರಲ್ಲಿ, ಅದರ ನಿಯಮಗಳು 1989ರಲ್ಲಿ. ಕಾರ್ಖಾನೆಯಿಂದ ಹೊರಬರುವ ಪೆಟ್ರೋಲ್ ಗಾಡಿ ಇಷ್ಟೇ ಹೊಗೆ ಬಿಡಬೇಕೆಂದು 1991ರಲ್ಲಿ ಕಟ್ಟಳೆಯಾಯಿತು. ಡೀಸೆಲ್ ಗಾಡಿಗೆ ಅದು ಬಂದದ್ದು 1992ರಲ್ಲಿ. ಸೀಸ ಬೆರೆಸಿದ ಪೆಟ್ರೋಲ್ 2000ರಲ್ಲಿ ದೇಶದಿಂದಲೇ ಮಾಯವಾಯಿತು. ಮಕ್ಕಳ ಮಿದುಳಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಯಾವ ವಾಹನ ನಿಯಮವೂ ಮಾಡಿಲ್ಲವೆಂದೇ ನನ್ನ ನಂಬಿಕೆ.

ಆಮೇಲಿನ ಕಥೆ ನನ್ನನ್ನು ನೋಯಿಸುತ್ತದೆ. ವಾಹನ ಇಂಧನ ನೀತಿ ರೂಪಿಸಲು ಕೇಂದ್ರ ನೇಮಿಸಿದ ಮಾಶೆಲ್ಕರ್ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಮೊದಲು ದೊಡ್ಡ ನಗರಗಳಿಗೆ ಶುದ್ಧ ಇಂಧನ, ಉಳಿದ ನಾಡಿಗೆ ನಂತರ ಎಂಬ ದಾರಿ ಹಾಕಿತು. ಎಣ್ಣೆ ಶುದ್ಧೀಕರಣ ಘಟಕಗಳನ್ನು ಒಮ್ಮೆಲೇ ಬದಲಿಸಲು ಆಗದಷ್ಟು ಖರ್ಚು ಎಂಬುದು ಕಾರಣ. ಅದರಂತೆ 2010ರಲ್ಲಿ ಬೆಂಗಳೂರು, ನಮ್ಮ ಮಗ್ಗುಲ ಹೈದರಾಬಾದು ಸೇರಿ 13 ನಗರಗಳಿಗೆ ಭಾರತ್ ಸ್ಟೇಜ್ ಎಂಬ ಹೊಗೆ ಮಿತಿಯ ನಾಲ್ಕನೇ ಹಂತ ಬಂತು. ಅಲ್ಲಿನ ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷ ಪಾಲಿಗೆ 50. ಉಳಿದ ನಾಡಿಗೆ ಬಂದದ್ದು ಸ್ಟೇಜ್ ಮೂರು, ಅದರಲ್ಲಿ ಗಂಧಕ 350. ಗಂಧಕ ಹೆಚ್ಚಿದ್ದರೆ ಹೊಗೆ ಶುದ್ಧಿಮಾಡುವ ಸಾಧನ ಕೆಡುತ್ತದೆ, ಎದೆಯ ಆಳಕ್ಕೆ ಇಳಿಯುವ ಸಣ್ಣ ಕಣ ಹೆಚ್ಚುತ್ತದೆ. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ಸಾರಿತು. ಹಾಗಿದ್ದೂ ಇಡೀ ದೇಶಕ್ಕೆ ಸ್ಟೇಜ್ ನಾಲ್ಕು ಬಂದದ್ದು 2017ರ ಏಪ್ರಿಲ್ 1ಕ್ಕೆ. ಖರ್ಚು ಉಳಿಸಿದ ಲೆಕ್ಕ ಕಡತದಲ್ಲಿ ಸಿಗುತ್ತದೆ. ಅಷ್ಟು ವರ್ಷ ಸಣ್ಣ ಊರುಗಳ ಜನ ಕುಡಿದ ಹೊಗೆಗೆ ಲೆಕ್ಕವೆಲ್ಲಿದೆ?

ಅದೇ 2017ರಲ್ಲಿ ಕಂಪನಿಗಳ ಬಳಿ ಮಾರಾಟವಾಗದ ಸ್ಟೇಜ್ ಮೂರರ ಗಾಡಿಗಳು ಎಂಟು ಲಕ್ಷಕ್ಕೂ ಹೆಚ್ಚಿದ್ದವು. ವ್ಯಾಪಾರಕ್ಕಿಂತ ಜನರ ಆರೋಗ್ಯ ದೊಡ್ಡದೆಂದು ಸುಪ್ರೀಂ ಕೋರ್ಟ್ ಅವುಗಳ ಮಾರಾಟ ನಿಲ್ಲಿಸಿತು. 2020ರಲ್ಲಿ ಐದನ್ನು ದಾಟಿ ನೇರ ಸ್ಟೇಜ್ ಆರು. ಗಂಧಕ 10ಕ್ಕೆ ಇಳಿಯಿತು, ಈ ಸಲ ದೆಹಲಿಗೂ ದೇವದುರ್ಗಕ್ಕೂ ಒಂದೇ ಎಣ್ಣೆ.

ಹೊರೆಯೂ ಬಂತು, ಅದನ್ನು ಮುಚ್ಚಿಡಬಾರದು. ಬೈಕಿಗೆ ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂದು ಬೆಲೆ ಏರಿತು. ಹೊಸ ಲಾರಿಗಳಲ್ಲಿ ಡೀಸೆಲ್ ಟ್ಯಾಂಕಿನ ಜೊತೆಗೆ ನೀಲಿ ಮುಚ್ಚಳದ ಚಿಕ್ಕ ಟ್ಯಾಂಕೊಂದು ಇರುತ್ತದೆ, ನೋಡಿರಬಹುದು. ಅದರೊಳಗಿರುವುದು ಶೇಕಡಾ 32.5ರಷ್ಟು ಯೂರಿಯಾ ಕರಗಿಸಿದ ಶುದ್ಧ ನೀರು. ಮಾನ್ವಿಯ ರೈತ ಭತ್ತಕ್ಕೆ ಎರಚುವ ಯೂರಿಯಾದ ಶುದ್ಧ ರೂಪವೇ ಇದು. ಬಿಸಿ ಹೊಗೆಗೆ ಅದನ್ನು ಚಿಮುಕಿಸಿದಾಗ ವಿಷಾನಿಲ ಒಡೆದು ಸಾರಜನಕ ಮತ್ತು ನೀರಾವಿ ಆಗುತ್ತದೆ. ಒಳ್ಳೆಯ ಉಪಾಯ. ಆದರೆ ಆ ದ್ರವಕ್ಕೂ, ಸೆನ್ಸರ್ ಕೆಟ್ಟರೆ ರಿಪೇರಿಗೂ ದುಡ್ಡು ಹೋಗುವುದು ಮಾಲೀಕನ ಕಿಸೆಯಿಂದ. ಹದಿನೈದು ವರ್ಷ ದಾಟಿದ ಭಾರಿ ಲಾರಿ, ಬಸ್ಸಿನ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್ ನವೀಕರಣದ ಶುಲ್ಕವನ್ನು 2022ರ ಏಪ್ರಿಲ್‌ನಿಂದ 1,500 ರೂಪಾಯಿಯಿಂದ 12,500ಕ್ಕೆ ಏರಿಸಿ ಕೇಂದ್ರ ನಿಯಮ ಮಾಡಿತು. ಹತ್ತು ಲಾರಿ ಉಳ್ಳವನು ಹಳೆಯದನ್ನು ಮಾರಿ ಹೊಸದು ತರುತ್ತಾನೆ. ಒಂದೇ ಗಾಡಿಯವನು ಏನು ಮಾಡಬೇಕು?

ಇಂಥ ಕಡೆ ಸರ್ಕಾರ ತೂಗಿ ನೋಡಲಾರದು ಎನ್ನುವಂತಿಲ್ಲ. 2023ರಲ್ಲಿ ಟ್ರ್ಯಾಕ್ಟರಿಗೆ ಬಿಗಿ ನಿಯಮ ತಂದಾಗ 50 ಅಶ್ವಶಕ್ತಿ ಮೀರಿದವಕ್ಕೆ ಮಾತ್ರ ಅನ್ವಯಿಸಿತು. ರೈತರ ಬಹುಪಾಲು ಟ್ರ್ಯಾಕ್ಟರುಗಳು ಆ ಮಿತಿಯ ಒಳಗಿವೆ. ಹೊಲದ ರೈತನಿಗೆ ಸಿಕ್ಕ ಆ ಕರುಣೆ ಟಂಟಂ ಓಡಿಸುವವನಿಗೆ ಸಾಲದ ರೂಪದಲ್ಲಾದರೂ ಸಿಗಬೇಕು. ಹಾಗೆಂದು ನಿಯಮ ಸಡಿಲಿಸಿ ಎನ್ನಲಾರೆ, ಹೊಗೆ ಮೊದಲು ಹೊಗುವುದು ಅವನ ಎದೆಯನ್ನೇ. ಹಳೆಯ ಗಾಡಿ ಕೊಟ್ಟವನಿಗೆ ಕಡಿಮೆ ಬಡ್ಡಿಯಲ್ಲಿ ಹೊಸದು ಸಿಗಲಿ. ಕೂಲಿಕಾರರು ಹೊರಡುವ ಹೊತ್ತಿಗೆ ಹಳ್ಳಿ ದಾರಿಯಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಇರಲಿ.

ಗಾಡಿ ಇಟ್ಟುಕೊಂಡ ಅಣ್ಣಂದಿರೆ, ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸಬೇಡಿ, ಏರ್ ಫಿಲ್ಟರ್ ಝಾಡಿಸಿ ಹಾಕಿ. ಎಮಿಷನ್ ಸರ್ಟಿಫಿಕೇಟ್ ಸ್ಟೇಜ್ ನಾಲ್ಕು, ಆರರ ಗಾಡಿಗಳಿಗೆ ಒಂದು ವರ್ಷ, ಅದಕ್ಕೂ ಹಳೆಯವಕ್ಕೆ ಆರು ತಿಂಗಳು ಮಾತ್ರ ನಡೆಯುತ್ತದೆ. ನಿಮ್ಮದರ ತಾರೀಖನ್ನು ಇವತ್ತೇ ತೆಗೆದು ನೋಡಿ.